ಬ್ರೌನ್ ಪೇಪರ್, ಬಿಳಿ ಶೂ ಮತ್ತು ನಾವು ಗಂಡಸರು

ಇಲ್ಲಿ ಏನಾದ್ರೂ ಬರೆದು ತಿಂಗಳುಗಳೇ ಆದವು. ವಿಷಯ ಇರ್ಲಿಲ್ಲ ಅಂತಲ್ಲ, ಸೋಂಬೇರಿತನ. ಆದ್ರೆ ಎರಡು ವಾರದಿಂದ ತಲೆಯಲ್ಲಿ ಒಂದು ಸಿಟ್ಟು ಕೂತುಬಿಟ್ಟಿದೆ. ಆಫೀಸಲ್ಲಿ ಕೋಡ್ ಬರೀವಾಗಲೂ ಅದೇ, ಊಟ ಮಾಡುವಾಗಲೂ ಅದೇ. ಇಲ್ಲಿ ಕಕ್ಕಿಬಿಟ್ರೆ ಸರಿ ಹೋಗುತ್ತೇನೋ ನೋಡೋಣ. ಸ್ವಲ್ಪ ಉದ್ದ ಆಗಬಹುದು, ತಾಳ್ಮೆ ಇರೋರು ಮಾತ್ರ ಓದಿ.

ಶುರುವಾಗಿದ್ದು ಮೇ ಕೊನೆಯ ಶನಿವಾರ. ಅಕ್ಕನ ಮಕ್ಕಳ ಶಾಲೆಯಲ್ಲಿ 'ಪೇರೆಂಟ್ ಓರಿಯೆಂಟೇಶನ್'. ಭಾವನಿಗೆ ಏನೋ ಕಾಲ್ ಇತ್ತು, ಪುಸ್ತಕದ ಮೂಟೆ ಹೊರೋಕೆ ಒಂದು ಜನ ಬೇಕು ಅಂತ ಅಕ್ಕ ನನ್ನ ಕರೆದುಕೊಂಡು ಹೋದ್ಲು. ಹೆಸರಿಗೆ 'ಪೇರೆಂಟ್' ಓರಿಯೆಂಟೇಶನ್, ಹಾಲ್ ತುಂಬಾ ಬರೀ ಅಮ್ಮಂದಿರು. ಮಧ್ಯೆ ಮಧ್ಯೆ ನನ್ನ ಥರ ಮೂಟೆ ಹೊರೋಕೆ ಬಂದ ಒಂದಿಷ್ಟು ಗಂಡಸರು, ಎಲ್ಲರೂ ಮೊಬೈಲ್ ನೋಡ್ತಾ ಕೂತಿದ್ರು. ಪ್ರಿನ್ಸಿಪಾಲ್ ಮೇಡಂ ಪರದೆ ಮೇಲೆ ಒಂದು ಚಿತ್ರ ತೋರಿಸಿದ್ರು. ಎಂಟು ಕೈಯ ಹೆಂಗಸು. ಒಂದು ಕೈಯಲ್ಲಿ ಸೌಟು, ಒಂದರಲ್ಲಿ ಲ್ಯಾಪ್‌ಟಾಪ್, ಒಂದರಲ್ಲಿ ಹಾಲಿನ ಬಾಟಲಿ, ಒಂದರಲ್ಲಿ ಪುಸ್ತಕ, ಹೀಗೆ. ಮುಖದಲ್ಲಿ ಮಾತ್ರ ಪೇಸ್ಟ್ ಜಾಹೀರಾತಿನ ನಗು. 'ಅಮ್ಮಂದಿರಿಲ್ಲದೆ ನಮ್ಮ ಶಾಲೆ ನಡೆಯೋದೇ ಇಲ್ಲ, ನೀವೆಲ್ಲ ಸೂಪರ್ ಅಮ್ಮಂದಿರು' ಅಂದ್ರು. ಎಲ್ಲರೂ ಚಪ್ಪಾಳೆ ತಟ್ಟಿದ್ರು. ನಾನೂ ತಟ್ಟಿದೆ. ಅಕ್ಕ ಮಾತ್ರ ತಟ್ಟಲಿಲ್ಲ. ಅವಳ ಎರಡೂ ಕೈಯಲ್ಲಿ ಫೀಸ್ ರಶೀದಿ, ಯೂನಿಫಾರ್ಮ್ ಅಳತೆ ಚೀಟಿ, ವ್ಯಾನ್ ಫಾರ್ಮು, ನಾಲ್ಕು ಪಾಸ್‌ಪೋರ್ಟ್ ಸೈಜ್ ಫೋಟೋ ಇದ್ವು. ಎಂಟು ಕೈ ಇದ್ದಿದ್ರೆ ತಟ್ಟಿರೋಳು :-)

ನಮ್ಮ ಮನೆ ಕಥೆ ಸ್ವಲ್ಪ ಹೇಳ್ಬೇಕು. ನಮ್ಮೂರು ಸಾಗರದ ಹತ್ತಿರ. ಕೆಲಸ ಸಿಕ್ಕಿ ಬೆಂಗಳೂರಿಗೆ ಬಂದ ಮೇಲೆ ಅಕ್ಕನ ಮನೆಯಲ್ಲೇ ಇದ್ದೀನಿ, ಮೂರು ವರ್ಷದಿಂದ. ಅಕ್ಕ ಒಂದು ಕಂಪನಿಯ ಅಕೌಂಟ್ಸ್ ವಿಭಾಗದಲ್ಲಿದ್ದಾಳೆ. ಭಾವ ನನ್ನ ಹಾಗೇ ಸಾಫ್ಟ್‌ವೇರು. ಇಬ್ಬರು ಮಕ್ಕಳು. ಪುಟ್ಟಿ ಈ ವರ್ಷ ಮೂರನೇ ಕ್ಲಾಸು, ಪಾಪು ಯುಕೆಜಿ. ಪುಟ್ಟಿ ವ್ಯಾನ್ ಬೆಳಿಗ್ಗೆ ಏಳು ಇಪ್ಪತ್ತಕ್ಕೆ, ಪಾಪು ವ್ಯಾನ್ ಎಂಟು ಮುಕ್ಕಾಲಿಗೆ. ಒಂದೇ ಶಾಲೆ, ಎರಡು ಟೈಮು. ಯಾಕೆ ಅಂತ ಕೇಳ್ಬೇಡಿ, ನಂಗೂ ಗೊತ್ತಿಲ್ಲ. ಅಕ್ಕ ಏಳೋದು ಐದಕ್ಕೆ ಹತ್ತು ನಿಮಿಷ ಇರುವಾಗ. ಇದು ನಂಗೆ ಗೊತ್ತಾಗಿದ್ದು ಈ ಜೂನಲ್ಲಿ. ಮೂರು ವರ್ಷ ಅದೇ ಮನೇಲಿದ್ದೂ!

ಯಾಕೆ ಗೊತ್ತಾಯ್ತು ಅಂದ್ರೆ, ಶಾಲೆ ಶುರುವಾದ ಮೂರನೇ ದಿನ ಅಕ್ಕನಿಗೆ ಜ್ವರ ಬಂತು. ಸಾಮಾನ್ಯ ವೈರಲ್ ಅಂದ್ರು ಡಾಕ್ಟ್ರು, ಆದ್ರೆ ಎದ್ದು ನಿಲ್ಲೋಕೆ ಆಗ್ತಿರ್ಲಿಲ್ಲ. 'ನೀನು ಮಲಗೇ, ನಾವು ನೋಡ್ಕೋತೀವಿ' ಅಂದ್ವಿ ನಾನೂ ಭಾವನೂ. ಇಬ್ಬರು ಇಂಜಿನಿಯರ್‌ಗಳು. ಆಫೀಸಲ್ಲಿ ನಾವು ನೋಡ್ಕೊಳ್ಳೋ ಸಿಸ್ಟಮ್‌ಗಳು ರಾತ್ರಿ ಹಗಲು ನಿಲ್ಲದೆ ಓಡ್ತವೆ. ಇಬ್ಬರು ಮಕ್ಕಳನ್ನ ವ್ಯಾನ್ ಹತ್ತಿಸೋದು ಯಾವ ಮಹಾ?

ಮೊದಲ ದಿನ. ಪುಟ್ಟಿಗೆ ಮಾಮೂಲಿ ಯೂನಿಫಾರ್ಮ್ ಹಾಕಿಸಿದ್ವಿ. ಅವತ್ತು ಬುಧವಾರ, ಬಿಳಿ ಯೂನಿಫಾರ್ಮು, ಬಿಳಿ ಶೂ ಅಂತೆ. ಅದನ್ನ ಪುಟ್ಟಿ ಹೇಳಿದ್ದು ವ್ಯಾನ್ ಹಾರ್ನ್ ಹೊಡೆದಾಗ. ಬಿಳಿ ಶೂ ಎಲ್ಲಿ? ಹುಡುಕಿ ತೆಗೆದ್ರೆ ಅದು ಹೋದ ವರ್ಷದ್ದು, ಕಾಲಿಗೇ ಹತ್ತಲ್ಲ. ಹೊಸದು ಎಲ್ಲಿದೆ? ಮಂಚದ ಕೆಳಗಿನ ಟ್ರಂಕಲ್ಲಿ ಅಂತ ಅಕ್ಕ ಮಲಗಿದಲ್ಲಿಂದಲೇ ಹೇಳಿದ್ಲು. ಅಷ್ಟರಲ್ಲಿ ವ್ಯಾನ್ ಹೋಗಿತ್ತು. ಭಾವ ಸ್ಕೂಟರಲ್ಲಿ ಬಿಟ್ಟು ಬಂದ್ರು. ಈ ಕಡೆ ಪಾಪುವಿಗೆ ನಾನು ಡಬ್ಬಿಗೆ ಬಿಸ್ಕೆಟ್ ಹಾಕಿ ಕಳಿಸಿದೆ. ಹತ್ತೂವರೆಗೆ ಶಾಲೆಯಿಂದ ಫೋನು. ಯಾರಿಗೆ? ಜ್ವರದಲ್ಲಿ ಮಲಗಿದ್ದ ಅಕ್ಕನಿಗೆ. 'ಮ್ಯಾಮ್, ಬುಧವಾರ ಮೊಳಕೆಕಾಳಿನ ದಿನ. ಬಿಸ್ಕೆಟ್ ಅಲೋ ಇಲ್ಲ.' ಫಾರ್ಮಲ್ಲಿ ಮೊದಲ ನಂಬರ್ ಭಾವಂದು. ಆದ್ರೂ ಫೋನ್ ಬಂದಿದ್ದು ಅಕ್ಕನಿಗೆ. ಮಧ್ಯಾಹ್ನ ವ್ಯಾನ್ ಡ್ರೈವರ್ ಫೋನ್ ಮಾಡಿದ್ದೂ ಅಕ್ಕನಿಗೇ. ಡೈರಿಗೆ ಸಹಿ ಇಲ್ಲ ಅಂತ ಮೆಸೇಜ್ ಬಂದಿದ್ದೂ ಅಕ್ಕನಿಗೇ.

ಎರಡನೇ ದಿನದ್ದು ಹೇಳೋದೇ ಬೇಡ. ನಾನು ಮಾಡಿದ ಚಿತ್ರಾನ್ನವನ್ನ ಪುಟ್ಟಿ ಹಾಗೇ ವಾಪಸ್ ತಂದ್ಲು, 'ಮಾಮ, ಇದರಲ್ಲಿ ಉಪ್ಪೇ ಇಲ್ಲ' ಅಂತ. ಮೂರನೇ ದಿನ ರಾತ್ರಿ ಒಂಬತ್ತೂವರೆಗೆ ಶಾಲೆಯ ವಾಟ್ಸಾಪ್ ಗುಂಪಿಗೆ ಸಂದೇಶ ಬಂತು. ನಾಳೆ ಯುಕೆಜಿ ಮಕ್ಕಳು 'ನನ್ನ ಕುಟುಂಬ' ಅಂತ ಒಂದು ಮರ ಮಾಡಿ ತರಬೇಕು, ಫೋಟೋ ಅಂಟಿಸಬೇಕು, ಸಾಧ್ಯವಾದರೆ ಒಣಗಿದ ಎಲೆ ಬಳಸಬೇಕು. ಆ ಗುಂಪಿನ ಹೆಸರು ಏನು ಗೊತ್ತಾ? 'ಯುಕೆಜಿ ಬಿ ಮಾಮ್ಸ್'. ಭಾವನನ್ನ ಅದಕ್ಕೆ ಸೇರಿಸಿ ಅಂತ ಕೇಳಿದ್ವಿ. ಒಬ್ಬರು ನಗುವ ಮುಖದ ಚಿಹ್ನೆ ಹಾಕಿ, 'ಗಂಡಸರು ಬಂದ್ರೆ ನಾವು ಫ್ರೀಯಾಗಿ ಮಾತಾಡೋಕಾಗಲ್ಲ' ಅಂದ್ರಂತೆ. ಅವರನ್ನೂ ನಾನು ದೂರಲ್ಲ. ಆ ಗುಂಪು ಆ ಹೆಂಗಸರಿಗೆ ಇರೋ ಒಂದೇ ಒಂದು ಹರಟೆ ಕಟ್ಟೆ ಇರಬಹುದು. ಆದ್ರೆ ಶಾಲೆಯ ಅಧಿಕೃತ ಸೂಚನೆ ಬರೋದೂ ಅಲ್ಲೇ ಆದ್ರೆ, ಅಪ್ಪಂದಿರನ್ನ ವ್ಯವಸ್ಥಿತವಾಗಿ ಹೊರಗಿಟ್ಟ ಹಾಗಾಯ್ತಲ್ಲ? ಅಪ್ಪಂದಿರಿಗೂ ಅದು ಬೇಕಾಗಿದ್ದೇ ಅನ್ನಿ.

ರಾತ್ರಿ ಹತ್ತಕ್ಕೆ ನಾನು ಮೊಬೈಲ್ ಟಾರ್ಚ್ ಹಿಡಕೊಂಡು ಪಾರ್ಕಿನಲ್ಲಿ ಒಣಗಿದ ಎಲೆ ಆರಿಸ್ತಿದ್ದೆ. ವಾಚ್‌ಮನ್ 'ಏನ್ ಸಾರ್ ಬಿದ್ದೋಯ್ತು' ಅಂತ ತಾನೂ ಹುಡುಕೋಕೆ ಬಂದ.

ನಾಲ್ಕನೇ ದಿನ ಅಕ್ಕ ಎದ್ದು ಕೂತಳು. ಅವತ್ತು ರಾತ್ರಿ ನಾನೊಂದು ಕೆಲಸ ಮಾಡಿದೆ. ನಮ್ಮ ಆಫೀಸಲ್ಲಿ ಯಾರಾದ್ರೂ ಕೆಲಸ ಬಿಡ್ತಾರೆ ಅಂದ್ರೆ ಅವರ ತಲೇಲಿ ಇರೋದನ್ನೆಲ್ಲ ಬರೆಸ್ಕೋತೀವಿ, ಕೆಟಿ ಅಂತಾರೆ ಅದಕ್ಕೆ. ಅದೇ ಥರ ಅಕ್ಕನ ಪಕ್ಕ ಕೂತು, 'ಒಂದು ದಿನಕ್ಕೆ ನೀನು ನೆನಪಿಟ್ಟುಕೊಳ್ಳೋದೆಲ್ಲ ಹೇಳೇ, ಬರ್ಕೋತೀನಿ' ಅಂದೆ. ಅವಳು ಮೊದಲು ನಕ್ಕಳು. ಆಮೇಲೆ ಹೇಳ್ತಾ ಹೋದ್ಲು. ಯಾವ ವಾರ ಯಾವ ಯೂನಿಫಾರ್ಮು, ಯಾವ ದಿನ ಯಾವ ತಿಂಡಿ, ಪಾಪುವಿನ ಇನ್ನೊಂದು ಜೊತೆ ಚಡ್ಡಿ ಬ್ಯಾಗಲ್ಲಿ ಇದೆಯಾ ಇಲ್ವಾ, ಪುಟ್ಟಿಗೆ ಶೇಂಗಾ ಆಗಲ್ಲ, ಪಕ್ಕದ ಬೆಂಚಿನ ಹುಡುಗಿ ಕೊಟ್ರೆ ತಿನ್ನಬಾರದು ಅಂತ ನೆನಪಿಸಬೇಕು, ಎರಡನೇ ಕಂತಿನ ಫೀಸ್ ಎಂದಿಗೆ, ವ್ಯಾನ್ ದುಡ್ಡು ಎಂದಿಗೆ, ಉಗುರು ಕತ್ತರಿಸಿದ್ದಾಯ್ತಾ, ಐಡಿ ಕಾರ್ಡಿನ ದಾರ ಕಿತ್ತಿದೆ, ಸಾಯಂಕಾಲ ನಾಲ್ಕರಿಂದ ಆರೂವರೆ ತನಕ ಮಕ್ಕಳು ಇರುವ ಕೆಳಗಿನ ಮನೆ ಆಂಟಿಗೆ ಈ ಗುರುವಾರ ಮದುವೆಗೆ ಹೋಗಬೇಕಂತೆ, ಅವತ್ತಿಗೆ ಏನು ಮಾಡೋದು... ಎರಡು ಪುಟ ಆಯ್ತು. ಅರವತ್ತೊಂದು ಐಟಮ್. ಅದರಲ್ಲಿ ಅಡುಗೆ, ಪಾತ್ರೆ, ಬಟ್ಟೆ ಸೇರಿಲ್ಲ. ಅವಳ ಆಫೀಸ್ ಕೆಲಸವಂತೂ ಸೇರಿಯೇ ಇಲ್ಲ.

ಭಾವನಿಗೆ ಅದನ್ನ ಓದೋಕೆ ಕೊಟ್ಟೆ. ಅರವತ್ತೊಂದರಲ್ಲಿ ಅವರಿಗೆ ಮೊದಲೇ ಗೊತ್ತಿದ್ದದ್ದು ಒಂಬತ್ತು. ನನಗೆ ಗೊತ್ತಿದ್ದದ್ದು ನಾಲ್ಕು. ಸಾಫ್ಟ್‌ವೇರಲ್ಲಿ 'ಸಿಂಗಲ್ ಪಾಯಿಂಟ್ ಆಫ್ ಫೇಲ್ಯೂರ್' ಅಂತ ಒಂದು ಮಾತಿದೆ. ಒಂದು ಕಡೆ ಕೆಟ್ಟರೆ ಇಡೀ ವ್ಯವಸ್ಥೆ ಮಲಗುತ್ತೆ ಅಂತ ಅರ್ಥ. ಹಾಗೆ ಡಿಸೈನ್ ಮಾಡಿದವನಿಗೆ ನಮ್ಮಲ್ಲಿ ಮಂಗಳಾರತಿ ಆಗುತ್ತೆ. ಯಾರೂ ಆ ಬಡಪಾಯಿ ಸರ್ವರನ್ನ ವೇದಿಕೆಗೆ ಕರೆದು 'ನೀನು ಸೂಪರ್ ಸರ್ವರ್' ಅಂತ ಶಾಲು ಹೊದಿಸಲ್ಲ. ಮನೆಯಲ್ಲಿ ಮಾತ್ರ ಶಾಲು ಹೊದಿಸಿ ಸುಮ್ಮನಾಗ್ತೀವಿ.

ನನ್ನ ಸಿಟ್ಟಿಗೆ ಕಾರಣ ಇದೇ. ಈ 'ಸೂಪರ್ ಅಮ್ಮ' ಅನ್ನೋದು ಹೊಗಳಿಕೆಯಲ್ಲ, ಸಂಬಳ ಕೊಡದೆ ಕೆಲಸ ಮಾಡಿಸ್ಕೊಳ್ಳೋ ಉಪಾಯ. ಎಂಟು ಕೈ ಇದೆ ಅಂತ ಒಂದು ಸಲ ಒಪ್ಪಿಬಿಟ್ರೆ, ಪಕ್ಕದಲ್ಲಿ ಎರಡು ಕೈ ಜೇಬಲ್ಲಿಟ್ಟುಕೊಂಡು ನಿಂತಿರೋನನ್ನ ಯಾರೂ ಏನೂ ಕೇಳೋ ಹಾಗಿಲ್ಲ.

ಇದು ಬರೀ ನಮ್ಮನೆ ಕಥೆ ಅಂದ್ಕೋಬೇಡಿ. ಕೇಂದ್ರ ಸರ್ಕಾರದವರು ಸಮಯ ಬಳಕೆ ಸಮೀಕ್ಷೆ ಅಂತ ಮಾಡ್ತಾರೆ, ಜನ ದಿನದ ಯಾವ ಹೊತ್ತಲ್ಲಿ ಏನು ಮಾಡ್ತಾರೆ ಅಂತ ಮನೆ ಮನೆಗೆ ಹೋಗಿ ಕೇಳೋದು. 2019ರ ಸಮೀಕ್ಷೆ ಪ್ರಕಾರ, ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಕೊಡೋದು ಸರಾಸರಿ 299 ನಿಮಿಷ. ಗಂಡಸರು 97 ನಿಮಿಷ. ಗಂಡಸರದ್ದು ಇದು ಮನೆಗೆಲಸ ಮಾಡಿದೋರ ಲೆಕ್ಕ ಮಾತ್ರ, ಅವರು ಇದ್ದದ್ದೇ ನೂರಕ್ಕೆ 26 ಜನ. ಉಳಿದೋರು ಸೊನ್ನೆ. 2024ರಲ್ಲಿ ಮತ್ತೆ ಮಾಡಿದ್ರು. ಹೆಂಗಸರದ್ದು 289ಕ್ಕೆ ಇಳಿದಿತ್ತು. ಪರವಾಗಿಲ್ವೇ, ಹತ್ತು ನಿಮಿಷ ಉಳೀತು ಅಂತ ಖುಷಿಪಟ್ಟು ಪಕ್ಕದ ಕಾಲಂ ನೋಡಿದೆ. ಗಂಡಸರದ್ದು 88ಕ್ಕೆ ಇಳಿದಿತ್ತು! ಅಂದ್ರೆ ಹೆಂಗಸರಿಗೆ ಉಳಿದ ಹತ್ತು ನಿಮಿಷವನ್ನ ಗಂಡಸರೇನೂ ಹೊತ್ತುಕೊಳ್ಳಲಿಲ್ಲ. ಮಿಕ್ಸಿ, ವಾಷಿಂಗ್ ಮಷೀನು, ಗ್ಯಾಸು ಏನಾದ್ರೂ ಹೊತ್ತಿರಬೇಕು. ಅದರ ಲಾಭದಲ್ಲಿ ನಾವೂ ಒಂಬತ್ತು ನಿಮಿಷ ಜೇಬಿಗಿಳಿಸಿದ್ವಿ. ಎಂಥಾ ಭಂಡರಪ್ಪಾ ನಾವು ಅನ್ನಿಸ್ತು.

ಈಗ ಶಾಲೆಗಳ ವಿಷಯಕ್ಕೆ ಬರ್ತೀನಿ. ಇಲ್ಲಿ ನನಗೆ ಗಂಡಸರ ಮೇಲಿಗಿಂತ ಒಂದು ಕೈ ಜಾಸ್ತಿಯೇ ಸಿಟ್ಟಿದೆ.

ಶನಿವಾರ ಆ ಹಾಲ್‌ನಿಂದ ಹೊರಗೆ ಬಂದಾಗ ನನ್ನ ಹೆಗಲ ಮೇಲಿದ್ದದ್ದು ಪುಟ್ಟಿಯ ಇಪ್ಪತ್ತಮೂರು ಪುಸ್ತಕ, ಟೆಕ್ಸ್ಟು ನೋಟ್ಸು ಎಲ್ಲ ಸೇರಿ. ಎಲ್ಲದಕ್ಕೂ ಬ್ರೌನ್ ಪೇಪರ್ ಬೈಂಡ್, ಅದರ ಮೇಲೆ ಪ್ಲಾಸ್ಟಿಕ್, ಅದರ ಮೇಲೆ ಶಾಲೆಯವರೇ ಮಾರುವ ಲೇಬಲ್ಲು. ಸೋಮವಾರದೊಳಗೆ. ಸೋಮವಾರ ರಾತ್ರಿ ಮರುದಿನಕ್ಕೆ ತುಂಬಿದ ಬ್ಯಾಗನ್ನ ಲಗೇಜ್ ತೂಗೋ ಕೊಕ್ಕೆಗೆ ನೇತುಹಾಕಿ ನೋಡಿದೆ. ಐದು ಕಿಲೋ ನಾಲ್ಕು ನೂರು ಗ್ರಾಂ, ನೀರಿನ ಬಾಟಲಿ ಬಿಟ್ಟು. 2019ರಲ್ಲಿ ನಮ್ಮ ರಾಜ್ಯ ಸರ್ಕಾರವೇ ಆದೇಶ ಹೊರಡಿಸಿತ್ತು, ಮೂರರಿಂದ ಐದನೇ ಕ್ಲಾಸಿನ ಮಕ್ಕಳ ಬ್ಯಾಗು ಎರಡರಿಂದ ಮೂರು ಕಿಲೋ ಮೀರಬಾರದು ಅಂತ. ಕೇಂದ್ರದ 2020ರ ಶಾಲಾ ಬ್ಯಾಗ್ ನೀತಿಯಲ್ಲಿ ಎರಡನೇ ಕ್ಲಾಸಿನ ತನಕ ಹೋಮ್‌ವರ್ಕೇ ಬೇಡ ಅಂತ ಇದೆ. ಯುಕೆಜಿ ಪಾಪುವಿಗೆ ರಾತ್ರಿ ಹತ್ತಕ್ಕೆ ಒಣಗಿದ ಎಲೆ ಬೇಕು! ಶಾಲೆಯವರನ್ನ ಕೇಳಿದ್ರೆ 'ಅದು ಹೋಮ್‌ವರ್ಕ್ ಅಲ್ಲ ಸಾರ್, ಆಕ್ಟಿವಿಟಿ' ಅಂತಾರೆ. ಹೌದು ಬಿಡಿ, ಮಗುವಿನ ಆಕ್ಟಿವಿಟಿ ಅಲ್ಲ, ಅಮ್ಮನ ಆಕ್ಟಿವಿಟಿ. ಐದು ವರ್ಷದ ಮಗು ಥರ್ಮೋಕೋಲ್ ಕತ್ತರಿಸಿ ಮರ ಮಾಡುತ್ತೆ ಅಂತ ಆ ಟೀಚರೂ ನಂಬಿಲ್ಲ, ಪ್ರಿನ್ಸಿಪಾಲರೂ ನಂಬಿಲ್ಲ. ಯಾರ ಕೈಯಲ್ಲಿ ಮಾಡಿಸ್ತಿದ್ದೀವಿ ಅಂತ ಎಲ್ಲರಿಗೂ ಗೊತ್ತು. ಟೀಚರ್ ಪಾಪ, ಅವರೂ ಒಬ್ಬ ಅಮ್ಮ. ತಮ್ಮ ಮಗುವನ್ನ ಎಲ್ಲೋ ಬಿಟ್ಟು ಬಂದು ನಮ್ಮ ಮಗುವಿನ ಮೂಗು ಒರೆಸ್ತಿದ್ದಾರೆ. ಅವರ ಮನೇಲೂ ರಾತ್ರಿ ಯಾರೋ ಮರ ಮಾಡ್ತಿರ್ತಾರೆ.

ನನಗೆ ಇನ್ನೂ ವಿಚಿತ್ರ ಅನ್ನಿಸೋದು ಡಬ್ಬಿ ವಿಷಯ. ನಾನು ಓದಿದ್ದು ನಮ್ಮೂರ ಸರ್ಕಾರಿ ಶಾಲೆ. 2003ರಲ್ಲಿ ನಾನು ಒಂದನೇ ಕ್ಲಾಸಿಗೆ ಸೇರಿದ ವರ್ಷವೇ ನಮ್ಮ ಕಡೆಗೂ ಅಕ್ಷರ ದಾಸೋಹ ಬಂತು (ಅದಕ್ಕೆ ಒಂದು ವರ್ಷ ಮೊದಲು ಉತ್ತರದ ಜಿಲ್ಲೆಗಳಲ್ಲಿ ಶುರುವಾಗಿತ್ತು). ಬಿಸಿ ಅನ್ನ, ಸಾರು. ಅಮ್ಮನಿಗೆ ಬೆಳಿಗ್ಗೆ ಡಬ್ಬಿ ಕಟ್ಟೋ ಕೆಲಸ ತಪ್ಪಿತು. ಆಗ ನಮಗೆಲ್ಲ ಅದು ಬಡಮಕ್ಕಳ ಹಸಿವಿನ ಯೋಜನೆ ಅಂತಷ್ಟೇ ಗೊತ್ತಿದ್ದದ್ದು. ಈಗ ಯೋಚನೆ ಮಾಡಿದ್ರೆ, ಲಕ್ಷಾಂತರ ಅಮ್ಮಂದಿರ ಬೆಳಗಿನ ಒಂದು ಗಂಟೆಯನ್ನ ಸರ್ಕಾರ ಅವರಿಗೆ ವಾಪಸ್ ಕೊಟ್ಟ ಯೋಜನೆಯೂ ಹೌದು. 2013ರಿಂದ ಕ್ಷೀರಭಾಗ್ಯ ಅಂತ ಹಾಲೂ ಬಂತು. ಪುಸ್ತಕ, ಯೂನಿಫಾರ್ಮ್ ಶಾಲೆಯಲ್ಲೇ ಕೊಡ್ತಾರೆ. ಅಂದ್ರೆ ಫೀಸಿಲ್ಲದ ಶಾಲೆ ಮಗುವಿಗೆ ಊಟ ಹಾಕುತ್ತೆ. ವರ್ಷಕ್ಕೆ ಒಂದೂವರೆ ಲಕ್ಷ ತಗೊಳ್ಳೋ ಶಾಲೆ ನನ್ನ ಅಕ್ಕನಿಗೆ ತಿಂಡಿಯ ಟೈಮ್‌ಟೇಬಲ್ ಕಳಿಸುತ್ತೆ! ಸೋಮವಾರ ಹಣ್ಣು, ಮಂಗಳವಾರ ರಾಗಿ, ಬುಧವಾರ ಮೊಳಕೆಕಾಳು, ಗುರುವಾರ 'ಮನೆಯಲ್ಲೇ ಮಾಡಿದ ಏನಾದರೂ ಸಾಂಪ್ರದಾಯಿಕ'. ಮೈದಾ ಇಲ್ಲ, ಪ್ಯಾಕೆಟ್ಟು ಇಲ್ಲ, ಹಿಂದಿನ ದಿನದ್ದು ಇಲ್ಲ. ಅಷ್ಟು ಕಾಳಜಿ ಇದ್ರೆ ಒಂದು ಅಡುಗೆಮನೆ ಕಟ್ಟಿಸಿ ಬೇಯಿಸಿ ಹಾಕ್ರಪ್ಪ. ಸ್ವಿಮ್ಮಿಂಗ್ ಪೂಲಿಗೆ ಜಾಗ ಇದೆ, ಅಡುಗೆಮನೆಗೆ ಇಲ್ವಾ?

ಸರ್ಕಾರಿ ಶಾಲೆಯಲ್ಲೂ ಎಲ್ಲ ಸರಿಯಿದೆ ಅಂತ ಹೇಳ್ತಿಲ್ಲ. ಆ ಬಿಸಿಯೂಟ ಬೇಯಿಸೋರೂ ಹೆಂಗಸರೇ, ಅವರಿಗೆ ಸಿಗೋದು ಸಂಬಳ ಅಲ್ಲ, 'ಗೌರವಧನ'. ಇಲ್ಲೂ ನೋಡಿ, ದುಡ್ಡು ಕಡಿಮೆ ಇದ್ದಲ್ಲೆಲ್ಲ ಗೌರವ ಬಂದು ಕೂರುತ್ತೆ.

ಇಷ್ಟು ಹೇಳಿದ ಕೂಡಲೇ ಒಂದು ವರ್ಗದ ಜನ ಎದ್ದು ನಿಲ್ತಾರೆ. ನಮ್ಮ ಆಫೀಸಲ್ಲೇ ಇದ್ದಾರೆ, ನಮ್ಮ ಮನೇಲೂ ಇದ್ದಾರೆ. 'ನಮ್ಮ ಕಾಲದಲ್ಲಿ ಅಮ್ಮ ನಾಲ್ಕು ಮಕ್ಕಳನ್ನ ಸಾಕಿಲ್ವಾ? ಹಸು ಕರೆದು, ಗೊಬ್ಬರ ಹೊತ್ತು, ಒಂದು ದಿನ ಸಾಕಪ್ಪ ಅಂದಿದ್ದಿಲ್ಲ.' ನಾನೂ ಇದೇ ಡೈಲಾಗ್ ಹೊಡೀತಿದ್ದವನೇ. ಈ ಸಲ ಊರಿಗೆ ಫೋನ್ ಮಾಡಿದಾಗ ಅಮ್ಮನನ್ನೇ ಕೇಳಿದೆ, 'ಆಗ ನಿಂಗೆ ಸಾಕು ಅನ್ನಿಸ್ತಿರ್ಲಿಲ್ವಾ?' ಅಂತ. ಒಂದು ಕ್ಷಣ ಸುಮ್ಮನಿದ್ದು, 'ಅನ್ನಿಸ್ತಿತ್ತು ಮಾರಾಯ. ಯಾರ ಹತ್ರ ಹೇಳದು?' ಅಂದ್ಲು. ಇಷ್ಟೇ. 'ಅಂದಿದ್ದಿಲ್ಲ' ಅನ್ನೋ ನಮ್ಮ ಹೆಮ್ಮೆಯ ನೆನಪಿನ ಹಿಂದೆ ಇರೋದು ಕೇಳೋರು ಇರ್ಲಿಲ್ಲ ಅನ್ನೋ ಸಂಗತಿ.

ಇನ್ನೊಂದು, ನಮ್ಮ ಕಾಲದ ಶಾಲೆ ಅಮ್ಮನನ್ನ ಏನೂ ಕೇಳ್ತಿರ್ಲಿಲ್ಲ. ಜೂನ್ ಮಳೆಯಲ್ಲಿ ಕೊಡೆ ಹಿಡ್ಕೊಂಡು ಗದ್ದೆ ಅಂಚಲ್ಲಿ ನಾವೇ ನಡ್ಕೊಂಡು ಹೋಗ್ತಿದ್ವಿ. ಮೊದಲ ದಿನ ಬಾಗಿಲಿಗೆ ಮಾವಿನ ತೋರಣ ಕಟ್ಟಿ, ಬಾಯಿಗೆ ಸಿಹಿ ಹಾಕಿ ಒಳಗೆ ಕೂರಿಸ್ಕೋತಿದ್ರು. ಸ್ಲೇಟು, ಬಳಪ, ಎರಡು ಪುಸ್ತಕ. ಅಕ್ಷರ ಕಲಿಸೋದು ಮೇಷ್ಟ್ರ ಕೆಲಸ, ಅಮ್ಮನದ್ದಲ್ಲ. ನಮ್ಮಮ್ಮ ನನ್ನ ಶಾಲೆಗೆ ಬಂದಿದ್ದು ಏಳು ವರ್ಷದಲ್ಲಿ ಎರಡೋ ಮೂರೋ ಸಲ. ಇವತ್ತು ಅದೇ ಜನ 'ಅಮ್ಮಂದಿರು ಮಕ್ಕಳ ಓದಿನ ಕಡೆ ಗಮನ ಕೊಡಲ್ಲ' ಅಂತಾರೆ. ಅಮ್ಮನ ಹಳೇ ಕೆಲಸ ಯಾವುದೂ ಕಮ್ಮಿ ಆಗಲಿಲ್ಲ. ಅದರ ಮೇಲೆ ಮೇಷ್ಟ್ರ ಅರ್ಧ ಕೆಲಸ, ಶಾಲೆ ಗುಮಾಸ್ತೆಯ ಅರ್ಧ ಕೆಲಸ, ಜೊತೆಗೆ ಒಂದು ಆಫೀಸ್ ಕೆಲಸ. ಹಿಂದೆ ಇದ್ದ ಅಜ್ಜಿ, ದೊಡ್ಡಮ್ಮ, ಅತ್ತೆ ಯಾರೂ ಈಗ ಪಕ್ಕದಲ್ಲಿಲ್ಲ.

ಇನ್ನು 'ವರ್ಕ್ ಫ್ರಮ್ ಹೋಮ್ ಇದೆಯಲ್ಲ' ಅನ್ನೋರು. 2020ರಲ್ಲಿ ಕೊರೋನಾ ಬಂದ ಮೇಲೆ ಇದೊಂದು ಸರ್ವರೋಗಕ್ಕೂ ಸಾರಾಯಿ ಮದ್ದಾಗಿದೆ. ಬನ್ನಿ ನಮ್ಮನೆಗೆ, ತೋರಿಸ್ತೀನಿ. ಭಾವ ಮನೆಯಿಂದ ಕೆಲಸ ಮಾಡೋ ದಿನ ರೂಮಿನ ಬಾಗಿಲು ಹಾಕಿರುತ್ತೆ, 'ಅಪ್ಪ ಮೀಟಿಂಗಲ್ಲಿದ್ದಾರೆ, ಶ್!' ಅಂತ ಮಕ್ಕಳನ್ನ ಸುಮ್ಮನಿರಿಸೋದು ಅಕ್ಕ. ಅಕ್ಕ ಮನೆಯಿಂದ ಕೆಲಸ ಮಾಡೋ ದಿನ ಲ್ಯಾಪ್‌ಟಾಪ್ ಇರೋದು ಅಡುಗೆ ಕಟ್ಟೆ ಮೇಲೆ, ಒಗ್ಗರಣೆ ಸಿಡಿಯದಷ್ಟು ದೂರದಲ್ಲಿ. ಮೀಟಿಂಗಲ್ಲಿ ಮ್ಯೂಟ್ ಮಾಡೋದು ಮರೆತು ಕುಕ್ಕರ್ ಕೂಗಿದ್ರೆ ಅವಳೇ ಸಾರಿ ಕೇಳ್ಬೇಕು. ನಾನು ನನ್ನ ರೂಮಲ್ಲಿ ಹೆಡ್‌ಫೋನ್ ಹಾಕ್ಕೊಂಡು ಕೂತಿರ್ತೀನಿ. ಸುಳ್ಳು ಯಾಕೆ ಹೇಳ್ಲಿ, ಪಾಪು ಬಾಗಿಲು ಬಡಿದಾಗ 'ಅಮ್ಮನ ಹತ್ರ ಹೋಗು ಪುಟ್ಟಾ' ಅಂತ ಎಷ್ಟು ಸಲ ಹೇಳಿದ್ದೀನೋ ಲೆಕ್ಕ ಇಲ್ಲ.

ಭಾವ ಕೆಟ್ಟವರಲ್ಲ. ಇದನ್ನ ಹೇಳ್ಲೇಬೇಕು, ಇಲ್ಲಾಂದ್ರೆ ಅವರಿಗೆ ಅನ್ಯಾಯ ಆಗುತ್ತೆ (ಅವರೂ ಇದನ್ನ ಓದ್ತಾರೆ :-)). ಏನು ಹೇಳಿದ್ರೂ ಮಾಡ್ತಾರೆ. ತರಕಾರಿ ತರ್ತಾರೆ, ಭಾನುವಾರ ದೋಸೆ ಹುಯ್ತಾರೆ. ಸಮಸ್ಯೆ ಇರೋದು 'ಹೇಳಿದ್ರೆ' ಅನ್ನೋ ಪದದಲ್ಲಿ. ಹೇಳೋ ಕೆಲಸ ಯಾರದ್ದು? 'ಏನಾದ್ರೂ ಹೆಲ್ಪ್ ಬೇಕಾ' ಅಂತ ಕೇಳೋನು ಆ ಕೆಲಸ ತನ್ನದಲ್ಲ ಅಂತ ಆಗಲೇ ತೀರ್ಮಾನ ಮಾಡಿದೋನು. ಅವರದೇ ಮಕ್ಕಳ ವಿಷಯದಲ್ಲಿ ಅವರು ಹೆಲ್ಪರ್ ಹೇಗಾಗ್ತಾರೆ ಮಾರಾಯ್ರೆ?

ಕಾನೂನು ಮಾಡೋರ ತಲೇಲೂ ಇದೇ ಕೂತಿದೆ. ಕೇಂದ್ರ ಸರ್ಕಾರದ ನೌಕರರಿಗೆ ಶಿಶುಪಾಲನಾ ರಜೆ ಅಂತ ಇದೆ, ಇಡೀ ಸರ್ವೀಸಲ್ಲಿ 730 ದಿನ, ಮಕ್ಕಳಿಗೆ ಹದಿನೆಂಟು ತುಂಬೋ ತನಕ ಪರೀಕ್ಷೆಗೋ ಕಾಯಿಲೆಗೋ ತಗೋಬಹುದು. ಒಳ್ಳೇದೇ. ಮೊದಲು ಹೆಂಗಸರಿಗೆ ಮಾತ್ರ ಇತ್ತು, 2018ರಲ್ಲಿ ಗಂಡಸರಿಗೂ ಕೊಟ್ರು. ಯಾವ ಗಂಡಸರಿಗೆ? ಒಂಟಿಯಾಗಿರೋರಿಗೆ. ಮದುವೆ ಆಗದವರು, ಹೆಂಡತಿ ತೀರಿಕೊಂಡವರು, ವಿಚ್ಛೇದನ ಆದವರು. ಅಂದ್ರೆ ಹೆಂಡತಿ ಇರೋ ತನಕ ಗಂಡಸಿಗೆ ಮಗುವೇ ಇಲ್ಲ ಅಂತ ಸರ್ಕಾರದ ಲೆಕ್ಕ! ಖಾಸಗಿ ಕಂಪನಿಗಳಲ್ಲಂತೂ ಕೇಳೋದೇ ಬೇಡ. 2017ರ ತಿದ್ದುಪಡಿಯಲ್ಲಿ ಐವತ್ತು ಅಥವಾ ಅದಕ್ಕಿಂತ ಹೆಚ್ಚು ಜನ ಇರೋ ಕಡೆ ಶಿಶುವಿಹಾರ ಇರಲೇಬೇಕು ಅಂತ ತಂದ್ರು. ಅದನ್ನ ಹೆಂಗಸರ ಹೆರಿಗೆ ಕಾಯ್ದೆಯೊಳಗೇ ಸೇರಿಸಿದ್ರು. ಮಗು ನೋಡ್ಕೊಳ್ಳೋ ಖರ್ಚು ಕಂಪನಿ ಕಣ್ಣಿಗೆ ಹೆಣ್ಣು ನೌಕರರ ಖರ್ಚಾಗಿಯೇ ಕಾಣೋ ಹಾಗೆ. ಆಮೇಲೆ ಇಂಟರ್ವ್ಯೂನಲ್ಲಿ 'ಮದುವೆ ಪ್ಲಾನ್ ಏನಮ್ಮ' ಅಂತ ಕೇಳ್ತಾರೆ ಅಂದ್ರೆ ಆಶ್ಚರ್ಯ ಏನಿದೆ? ನನ್ನನ್ನ ಇವತ್ತಿನ ತನಕ ಯಾವ ಇಂಟರ್ವ್ಯೂನಲ್ಲೂ ಯಾರೂ ಅದನ್ನ ಕೇಳಿಲ್ಲ.

ಇಷ್ಟೆಲ್ಲ ಯಾಕೆ ಕೂಗಾಡ್ತಿದ್ದೀನಿ ಅಂದ್ರೆ, ಅಕ್ಕ ಕೆಲಸ ಬಿಡೋ ಯೋಚನೆಯಲ್ಲಿದ್ದಾಳೆ. ರಾಜೀನಾಮೆ ಪತ್ರ ಬರೆದು ಇಟ್ಟಿದ್ದಾಳೆ, ಕಳಿಸಿಲ್ಲ ಇನ್ನೂ. ಜ್ವರದ ಮೂರು ದಿನ ರಜೆ ಮುಗಿಸಿ ಹೋದಾಗ ಅವಳ ಮ್ಯಾನೇಜರ್ ಕರೆದು, ಅವಳಿಗೆ ಕೊಡಬೇಕು ಅಂತಿದ್ದ ಟೀಮಿನ ಜವಾಬ್ದಾರಿಯನ್ನ ಬೇರೆಯವರಿಗೆ ಕೊಟ್ಟಿದ್ದೀವಿ ಅಂದ್ರಂತೆ. 'ನಿಮಗೆ ಮನೆ ಕಡೆ ಕಮಿಟ್‌ಮೆಂಟ್ ಜಾಸ್ತಿ ಇದೆ, ನಿಮ್ಮ ಒಳ್ಳೇದಕ್ಕೇ.' ಭಾವನೂ ಆ ಮೂರು ದಿನದಲ್ಲಿ ಒಂದು ದಿನ ರಜೆ ಹಾಕಿದ್ರು. ಅವರ ಮ್ಯಾನೇಜರ್ ಏನಂದ್ರು ಗೊತ್ತಾ? 'ಗ್ರೇಟ್ ಫ್ಯಾಮಿಲಿ ಮ್ಯಾನ್.' ಅದೇ ಮನೆ, ಅದೇ ಜ್ವರ!

ಅಕ್ಕ ಬಿ.ಕಾಂನಲ್ಲಿ ಕಾಲೇಜಿಗೇ ಮೊದಲು ಬಂದವಳು. ನಾನು ಇಂಜಿನಿಯರಿಂಗ್ ಸೇರಿದಾಗ ಎರಡು ವರ್ಷದ ಹಾಸ್ಟೆಲ್ ಫೀಸ್ ಕಟ್ಟಿದ್ದು ಅವಳ ಸಂಬಳದಿಂದ. ಅಪ್ಪನಿಗೆ ಆ ವರ್ಷ ಅಡಿಕೆಗೆ ಕೊಳೆರೋಗ ಬಂದು ಕೈ ಖಾಲಿಯಾಗಿತ್ತು. ಇವತ್ತು ನಾನು ಈ ಲ್ಯಾಪ್‌ಟಾಪ್ ಮುಂದೆ ಕೂತಿರೋದು ಅವಳು ಆಗ ಕೆಲಸದಲ್ಲಿ ಇದ್ದದ್ದರಿಂದ. ಈಗ ಅವಳು ಬಿಡ್ತೀನಿ ಅಂದ ಕೂಡಲೇ ಏನಾಯ್ತು ಹೇಳ್ಲಾ? ಎಲ್ಲರೂ ಒಪ್ಪಿದ್ರು. ಅಷ್ಟು ಬೇಗ, ಅಷ್ಟು ಪ್ರೀತಿಯಿಂದ ನಮ್ಮ ಎರಡೂ ಮನೆಯವರು ಯಾವ ವಿಷಯಕ್ಕೂ ಒಪ್ಪಿದ್ದು ನಾನು ನೋಡಿಲ್ಲ. ಭಾವನ ಅಮ್ಮ ಫೋನಲ್ಲಿ 'ಒಳ್ಳೇ ತೀರ್ಮಾನ ಕಣಮ್ಮ' ಅಂದ್ರು. ನಮ್ಮಮ್ಮ 'ಬಿಟ್ಟುಬಿಡೇ ಮಾರಾಯ್ತಿ, ಜೀವ ಮುಖ್ಯ' ಅಂದ್ಲು. ಭಾವ 'ನಿಂಗೆ ಹೇಗೆ ಅನ್ಸುತ್ತೋ ಹಾಗೆ ಮಾಡು, ನಾನು ಯಾವತ್ತೂ ಬೇಡ ಅನ್ನಲ್ಲ' ಅಂದ್ರು. ಎಲ್ಲರದ್ದೂ ಕಾಳಜಿಯೇ. ಆದ್ರೆ ಒಬ್ಬರಾದ್ರೂ, ನಾನೂ ಸೇರಿ, 'ಅವಳು ಬಿಡೋದರ ಬದಲು ನಾವು ಏನು ತಗೋಬಹುದು' ಅಂತ ಕೇಳಲಿಲ್ಲ. ಅರವತ್ತೊಂದು ಐಟಮ್ ಪಟ್ಟಿ ಫ್ರಿಜ್ ಮೇಲೆ ನೇತಾಡ್ತಿರುವಾಗಲೂ!

ಈಗ ಮನೆಯಲ್ಲಿ ನನಗೆ ಹೆಣ್ಣು ನೋಡ್ತಿದ್ದಾರೆ. ಮೊನ್ನೆ ದಲ್ಲಾಳಿ ಭಟ್ಟರ ಹತ್ರ ಅಪ್ಪ ಹೇಳ್ತಿದ್ದದ್ದು ಕಿವಿಗೆ ಬಿತ್ತು. 'ಹುಡುಗಿ ಕೆಲಸಕ್ಕೆ ಹೋದ್ರೂ ಪರವಾಗಿಲ್ಲ, ನಮ್ಮ ಹುಡುಗ ತುಂಬಾ ಮುಂದುವರಿದವನು' ಅಂತ. ಹೋದ ವರ್ಷ ಆಗಿದ್ರೆ ಕೇಳಿ ಒಳಗೊಳಗೇ ಉಬ್ಬಿರ್ತಿದ್ದೆ. ಈಗ ಆ 'ಪರವಾಗಿಲ್ಲ' ಕೇಳಿ ಮೈ ಉರೀತು. ಕೆಲಸಕ್ಕೆ ಹೋದ್ರೂ ಪರವಾಗಿಲ್ಲ, ಆದ್ರೆ ಬುಧವಾರ ಬಿಳಿ ಶೂ, ಮೊಳಕೆಕಾಳು ಅವಳಿಗೇ ನೆನಪಿರಬೇಕು. ಮುಂದುವರಿದ ಹುಡುಗನಿಗೆ ಸಾಕ್ಸ್ ಎಲ್ಲಿದೆ ಅಂತಲೂ ಗೊತ್ತಿಲ್ಲ ಅಂತ ಭಟ್ಟರಿಗೆ ಯಾರಾದ್ರೂ ಹೇಳ್ಬೇಕಲ್ಲ.

ಕಳೆದ ಭಾನುವಾರ ನಾವು ಮೂವರೂ ಕೂತು ಆ ಪಟ್ಟಿ ಹಂಚಿಕೊಂಡ್ವಿ. 'ಸಹಾಯ' ಅಂತಲ್ಲ, ಪೂರ್ತಿಯಾಗಿ. ಪಾಪುವಿನದ್ದು ಬೆಳಿಗ್ಗೆಯದ್ದೆಲ್ಲ ಭಾವನದ್ದು, ಶಾಲೆಯ ಫೋನೂ ಸೇರಿ. ಫಾರ್ಮಲ್ಲಿ ಅಕ್ಕನ ನಂಬರ್ ತೆಗೆಸಿ ಬಂದಿದ್ದಾರೆ. ಅಲ್ಲಿನ ಗುಮಾಸ್ತೆ 'ಯಾಕೆ ಸಾರ್, ಮೇಡಂಗೆ ಹುಷಾರಿಲ್ವಾ' ಅಂತ ಕೇಳಿದ್ರಂತೆ. ಪುಟ್ಟಿಯ ಬ್ಯಾಗು, ಪುಸ್ತಕ, ಯೂನಿಫಾರ್ಮ್, ಗುರುವಾರ ಸಾಯಂಕಾಲ ನನ್ನದು. ಅಕ್ಕನ ಪಾಲಿಗೆ ಹತ್ತೊಂಬತ್ತು ಉಳಿದಿದೆ. ಮೊದಲ ವಾರ ನಾವು ಏಳು ತಪ್ಪು ಮಾಡಿದ್ವಿ, ಅವಳು ಮೂರು ಸಲ ಎದ್ದು ಬಂದು ತಾನೇ ಮಾಡೋಕೆ ಹೊರಟಳು, ಒಂದು ಸಲ ಜಗಳವೂ ಆಯ್ತು. ಈ ಬುಧವಾರ ಪುಟ್ಟಿ ಬಿಳಿ ಶೂ ಹಾಕ್ಕೊಂಡು ಹೋದ್ಲು, ಒಂದರ ಲೇಸ್ ಮಾತ್ರ ಕಪ್ಪು.

ರಾಜೀನಾಮೆ ಪತ್ರ ಇನ್ನೂ ಡ್ರಾಫ್ಟಲ್ಲೇ ಇದೆ. ಕಳಿಸ್ತಾಳೋ ಬಿಡ್ತಾಳೋ ಅಂತ ನಾನು ಕೇಳಿಲ್ಲ, ಕೇಳೋದೂ ಇಲ್ಲ. ಪುಟ್ಟಿಯ ಎರಡು ನೋಟ್‌ಬುಕ್ಕಿಗೆ ಇನ್ನೂ ಬೈಂಡ್ ಹಾಕಿಲ್ಲ, ಹಿಂದಿದೂ ಇ.ವಿ.ಎಸ್ಸಿಂದೂ. ನಾಳೆಯೇ ಕೊನೆ ದಿನವಂತೆ. ಬ್ರೌನ್ ಪೇಪರ್ ಖಾಲಿಯಾಗಿದೆ, ಮೂಲೆ ಅಂಗಡಿಯವನು ಹತ್ತಕ್ಕೆ ಬಾಗಿಲು ಹಾಕ್ತಾನೆ. ಈಗ ಒಂಬತ್ತು ಐವತ್ತು. ಬರ್ತೀನಿ.